ಒಂದೇ ಗಡಗಿ ಭಜ್ಜಿ

ಬೆಳಗಿನ ಜಾವ ಮೂರು ಗಂಟೆ. ನಾಯಿ ಕೂಡ ಮೂಲೆ ಬಿಟ್ಟು ಏಳದಂಥ ಚಳಿ. ಆದರೂ ಮಟಕಿಯ ಓಣಿಗಳಲ್ಲಿ ಮನೆ ಮನೆಯ ಒಲೆ ಹೊತ್ತಿರುತ್ತದೆ. ರೊಟ್ಟಿ ಬಡಿಯುವ ಸಪ್ಪಳ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತ ಹೋಗುತ್ತದೆ. ನಡುನಡುವೆ ಒಗ್ಗರಣೆಗೆ ಬಿದ್ದ ಬೆಳ್ಳುಳ್ಳಿಯ ವಾಸನೆ. ಕೌದಿಯೊಳಗೆ ಮುದುಡಿಕೊಂಡ ಮಕ್ಕಳಿಗೆ ಅಂದು ಯಾರೂ ಏಳು ಅನ್ನಬೇಕಾಗಿಲ್ಲ. ಆ ವಾಸನೆಯೇ ಎಬ್ಬಿಸುತ್ತದೆ.

ಅದು ಎಳ್ಳ ಅಮವಾಸ್ಯೆ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ದೀಪಾವಳಿಗೆ ಬಾರದ ಮಗ ಈ ಹಬ್ಬಕ್ಕೆ ಬರುತ್ತಾನೆ. ಹಿಂದಿನ ದಿನ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಈ ಕಡೆಯ ಬಸ್ಸುಗಳಿಗೆ ಕಾಲಿಡಲು ಜಾಗ ಇರುವುದಿಲ್ಲ. ಪುಣೆ, ಸೊಲ್ಲಾಪುರ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋದವರು ಗಂಟು ಮೂಟೆ, ಮಕ್ಕಳು ಮರಿಗಳೊಂದಿಗೆ ಇಳಿಯುತ್ತಾರೆ. ಹಬ್ಬದ ದಿನವಂತೂ ಕಲಬುರಗಿ ಪೇಟೆಯ ಅರ್ಧ ಬಾಗಿಲು ಮುಚ್ಚಿರುತ್ತವೆ. 'ಎಲ್ಲಿಗೆ ಹೋದರು?' ಎಂದು ಹೊರಗಿನವರು ಕೇಳಿದರೆ ಒಂದೇ ಉತ್ತರ: 'ಹೊಲಕ್ಕ ಹೋಗ್ಯಾರ್ರೀ.'

ಹೊಲಕ್ಕೆ ಹೋಗಿ ಮಾಡುವುದಾದರೂ ಏನು? ಉಣ್ಣುವುದು. ಹೊಸ ಬಟ್ಟೆಯ ಗದ್ದಲವಿಲ್ಲ, ಪಟಾಕಿಯಿಲ್ಲ, ದೊಡ್ಡ ಗುಡಿಯ ದರ್ಶನವಿಲ್ಲ. ಒಂದು ಬುಟ್ಟಿ ಬುತ್ತಿಗಾಗಿ ಇಷ್ಟು ಜನ ಇಷ್ಟು ದೂರದಿಂದ ಯಾಕೆ ಬರುತ್ತಾರೆ ಎಂಬುದು ನನಗೂ ಬಹಳ ದಿನ ಒಗಟಾಗಿಯೇ ಇತ್ತು. ಅದು ಬಿಡಿಸಿದ್ದು 2024ರಲ್ಲಿ.

ಭೂತಾಯಿ ಬಸುರಿ

ಮಾರ್ಗಶಿರ ಮಾಸದ ಕೊನೆಯ ದಿನ ಈ ಅಮವಾಸ್ಯೆ. ಚಾಂದ್ರಮಾನದ ಲೆಕ್ಕವಾದ್ದರಿಂದ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು ಡಿಸೆಂಬರಿಗೂ ಜನವರಿಗೂ ನಡುವೆ ಓಡಾಡುತ್ತಿರುತ್ತದೆ. 2023ರಲ್ಲಿ ಎಳ್ಳ ಅಮವಾಸ್ಯೆಯೇ ಬರಲಿಲ್ಲ. 2024ರಲ್ಲಿ ಎರಡು ಸಲ ಬಂತು, ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ.

ಹಬ್ಬ ಈ ದಿನಕ್ಕೇ ಯಾಕೆ ಬಂತು ಎಂಬುದನ್ನು ತಿಳಿಯಲು ಪಂಚಾಂಗಕ್ಕಿಂತ ಹೊಲ ನೋಡಬೇಕು. ನಮ್ಮದು ಎರೆ ಭೂಮಿ. ಮಳೆಗಾಲದ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುವ ಮಣ್ಣು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಬಿಳಿಜೋಳ, ಕಡಲೆ, ಕುಸುಬೆ, ಅಗಸೆ ಬಿತ್ತಿದರೆ ಮುಂದೆ ಮಳೆ ಬಾರದಿದ್ದರೂ ಆ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಬೆಳೆ ಬರುತ್ತದೆ. ಬಿತ್ತಿ ಎರಡು ತಿಂಗಳು ಕಳೆದಾಗ ಜೋಳ 'ಹೊಡೆ'ಗೆ ಬರುತ್ತದೆ. ತೆನೆ ಇನ್ನೂ ಹೊರಬಿದ್ದಿರುವುದಿಲ್ಲ. ಸುಳಿಯ ಒಳಗೆ ತುಂಬಿಕೊಂಡು ದಂಟಿನ ನೆತ್ತಿ ಉಬ್ಬಿರುತ್ತದೆ. ನೋಡಿದರೆ ತುಂಬಿದ ಬಸುರಿಯೇ. ಕಡಲೆ ಹೂ ಬಿಟ್ಟು ಕಾಯಿ ಕಟ್ಟುತ್ತಿರುತ್ತದೆ. ಮುಂಗಾರಿಗೆ ಬಿತ್ತಿದ ತೊಗರಿ ಬಲಿತಿರುತ್ತದೆ. ಸರಿಯಾಗಿ ಆ ಹೊತ್ತಿಗೆ ಎಳ್ಳ ಅಮವಾಸ್ಯೆ. ಬಸುರಿಗೆ ಬಯಕೆಯ ಊಟ ಹಾಕುವಂತೆ ಭೂಮಿತಾಯಿಗೆ ಉಣಬಡಿಸುವ ಹಬ್ಬ ಇದು.

ನಾಡಿನ ಬೇರೆ ಕಡೆಗಳಲ್ಲೂ ಈ ಭಾವನೆ ಇದೆ. ಮಲೆನಾಡಿನವರು ಆಶ್ವೀಜದ ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಬಯಕೆ ಬಡಿಸುತ್ತಾರೆ. ಧಾರವಾಡ, ಬೆಳಗಾವಿಯ ಕಡೆ ಅದೇ ಶೀಗಿ ಹುಣ್ಣಿಮೆಯಂದು ಚರಗ ಚೆಲ್ಲುತ್ತಾರೆ. ಅವರ ಪೈರು ಆಗ ತುಂಬಿ ನಿಂತಿರುತ್ತದೆ, ನಮ್ಮ ಹಿಂಗಾರಿ ಈಗ. ಗಡಿಯಾಚೆಯ ಲಾತೂರು, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಸೀಮೆಯ ಮರಾಠಿಗರೂ ಇದೇ ದಿನ ಹೊಲಕ್ಕೆ ಹೋಗುತ್ತಾರೆ. ಅವರು ಅದನ್ನು 'ಯೇಳವಸ' ಎನ್ನುತ್ತಾರೆ. ಎಳ್ಳ ಅಮವಾಸ್ಯೆ ಎಂಬ ಕನ್ನಡ ಮಾತೇ ಹಾಗೆ ಸವೆದಿದೆ ಎಂದು ಅಲ್ಲಿಯವರೂ ಹೇಳುತ್ತಾರೆ. ರಾಜ್ಯಗಳ ಗಡಿ ಆಮೇಲೆ ಬಂದದ್ದು, ಎರೆ ಮಣ್ಣಿಗೆ ಅದು ಗೊತ್ತಿಲ್ಲ.

ಒಂದು ಮನೆಯಿಂದ ಆಗದ ಪಲ್ಯ

ಹಬ್ಬದ ಊಟದ ಯಜಮಾನ ಭಜ್ಜಿ. ಎಣ್ಣೆಯಲ್ಲಿ ಕರಿದ ಬಜಿಯನ್ನು ನೆನೆಸಿಕೊಳ್ಳಬೇಡಿ. ಇದು ಪಲ್ಯ. ಹಸಿ ಕಡಲೆಕಾಳು, ಹಸಿ ತೊಗರಿ, ಅವರೆ, ಬಟಾಣಿ, ಶೇಂಗಾ ಒಂದು ಕಡೆ. ಬದನೆ, ಗಜ್ಜರಿ, ಚವಳಿ ಇನ್ನೊಂದು ಕಡೆ. ಮೆಂತೆ, ಪಾಲಕ, ಉಳ್ಳಾಗಡ್ಡಿ ತೊಪ್ಪಲ, ಚಿಗುರು ಕಡಲೆ ಸೊಪ್ಪು ಮತ್ತೊಂದು ಕಡೆ. ಎಲ್ಲವನ್ನೂ ಒಂದೇ ಗಡಗಿಯಲ್ಲಿ ಹಾಕಿ ಬೇಯಿಸಿ, ಹುಣಸೆಹುಳಿ ಬಿಟ್ಟು, ಕಡಲೆಹಿಟ್ಟು ಕಲಸಿ ಹೊಯ್ದು ಕುದಿಸಬೇಕು. ಮೇಲೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ. ಯಾವ ಕಾಳು ಎಷ್ಟು ಎಂಬುದಕ್ಕೆ ಅಳತೆಯಿಲ್ಲ. ಇದ್ದದ್ದೆಲ್ಲ ಬೀಳಬೇಕು ಎಂಬುದೊಂದೇ ನಿಯಮ.

ಆದರೆ ಒಬ್ಬರ ಹೊಲದಲ್ಲಿ ಎಲ್ಲವೂ ಇರುವುದು ಸಾಧ್ಯವೇ? ಇಲ್ಲ. ಕಡಲೆ ಇದ್ದವರಿಗೆ ಅವರೆ ಇಲ್ಲ, ಬಾವಿ ಇದ್ದವರಿಗೆ ಮಾತ್ರ ಮೆಂತೆ, ಬದನೆ. ಹೀಗಾಗಿ ಎರಡು ದಿನ ಮೊದಲೇ ಊರಲ್ಲಿ ಒಂದು ಸದ್ದಿಲ್ಲದ ವ್ಯಾಪಾರ ನಡೆಯುತ್ತದೆ. 'ಒಂದಿಷ್ಟು ಕಡ್ಲಿ ತೊಪ್ಪಲ ಕೊಡ್ರೆವ್ವಾ' ಎಂದು ಒಬ್ಬರು ಬಂದರೆ ಇನ್ನೊಬ್ಬರು ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಅವರ ಮನೆಗೆ ಹೋಗುತ್ತಾರೆ. ಹಣದ ಮಾತಿಲ್ಲ. ಒಲೆ ಹತ್ತುವ ಮೊದಲೇ ಭಜ್ಜಿಯಲ್ಲಿ ಹತ್ತು ಹೊಲಗಳು ಸೇರಿರುತ್ತವೆ.

ಭಜ್ಜಿಯ ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಚಳಿಗಾಲಕ್ಕೆ ಸಜ್ಜೆ, ಎಳ್ಳು ಎರಡೂ ಮೈ ಬೆಚ್ಚಗಿಡುತ್ತವೆ ಎಂಬುದು ಹಿರಿಯರ ನಂಬಿಕೆ. ಸಜ್ಜಿ ಕಡಬು, ಜೋಳದ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು. ಕೆಲವು ಮನೆಗಳಲ್ಲಿ ಜೋಳದ ಅಂಬಲಿಯೂ ಇರುತ್ತದೆ. ಕಟಕ ರೊಟ್ಟಿಯನ್ನು ವಾರದ ಮೊದಲೇ ಬಡಿದು ಅಟ್ಟಿ ಹಾಕಿರುತ್ತಾರೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ನಮ್ಮ ಆಯಿಗೆ (ಅಪ್ಪನ ತಾಯಿ) ಆ ಸುದ್ದಿ ಓದಿ ಹೇಳಿದೆ. 'ಸಜ್ಜಿಗಿ ಒಂದು ವರ್ಷ ಯಾಕ ಬೇಕಪ್ಪ? ನಾವು ಹುಟ್ಟಿದಾಗಿಂದ ಉಣ್ಣಲತ್ತೀವಿ' ಅಂದಳು.

ಕೂಗು, ಓಗೊಡುವುದು

ಹೊತ್ತೇರುವ ಮೊದಲು ಬಂಡಿ, ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ಈಗೀಗ ಕಾರು, ಯಾವುದು ಇದೆಯೋ ಅದರಲ್ಲಿ ಹೊಲಕ್ಕೆ. ಬನ್ನಿ ಗಿಡದ ಬುಡದಲ್ಲಿ, ಇಲ್ಲವೇ ಜೋಳದ ದಂಟಿನಿಂದ ಕಟ್ಟಿದ ಪುಟ್ಟ ಕೊಂಪೆಯಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚುತ್ತಾರೆ. ಅವರೇ ಪಾಂಡವರು. ಪೂಜೆ ಮಾಡಿ, ಎಡೆ ಹಿಡಿದು, ಕಾಯಿ ಒಡೆದ ಮೇಲೆ ಚರಗ.

ಚರಗಕ್ಕೆ ಇಬ್ಬರು ಬೇಕು. ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಒಬ್ಬ ಹೊಲದ ಸುತ್ತ ಚೆಲ್ಲುತ್ತ ಮುಂದೆ ನಡೆಯುತ್ತಾನೆ. ತಂಬಿಗೆಯಲ್ಲಿ ನೀರು ಹಿಡಿದು ಚಿಮುಕಿಸುತ್ತ ಇನ್ನೊಬ್ಬ ಹಿಂದೆ ನಡೆಯುತ್ತಾನೆ. ಮುಂದಿನವನು ಗಟ್ಟಿಯಾಗಿ ಒಂದು ಕೂಗು ಹಾಕುತ್ತಾನೆ, ಹಿಂದಿನವನು ಅದಕ್ಕೆ ಓಗೊಡುತ್ತಾನೆ. ಆ ಕೂಗಿನ ಅರ್ಥವೇನೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸುತ್ತಲಿನ ಹೊಲಗಳಿಂದಲೂ ಅದೇ ಕೂಗು ಏಳುವಾಗ ಮೈ ಜುಮ್ಮೆನ್ನುತ್ತದೆ.

ಚೆಲ್ಲಿದ್ದು ಹಕ್ಕಿ, ಇರುವೆ, ಹುಳುಗಳ ಪಾಲು. ಕಲಬುರಗಿಯ ಶರಣಬಸವೇಶ್ವರರು (1746–1822) ಮೂಲತಃ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯವರು. ಜೋಳದ ಹೊಲ ಕಾಯಲು ಹೋದಾಗ ಹಕ್ಕಿಗಳನ್ನು ಓಡಿಸದೆ, ತಿಂದು ಹೋಗಲಿ ಎಂದು ಅವಕ್ಕೆ ನೀರನ್ನೂ ಇಟ್ಟರು ಎಂಬ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಮುಂದೆ ಅವರ ದಾಸೋಹ ನಾಡಿಗೆಲ್ಲ ಹೆಸರಾಯಿತು. ಎಳ್ಳ ಅಮವಾಸ್ಯೆಯ ಊಟಕ್ಕೂ ಅದೇ ರೀತಿ. ಅಂದು ಹಾದಿಯಲ್ಲಿ ಹೋಗುವವರನ್ನು ಕರೆಯದೆ ಬಿಡುವಂತಿಲ್ಲ. 'ಬರ್ರಿ, ಒಂದು ರೊಟ್ಟಿ ಉಂಡು ಹೋಗ್ರಿ' ಎಂದು ದೂರದಿಂದಲೇ ಕೈ ಬೀಸುತ್ತಾರೆ. ಹೊಲವಿಲ್ಲದ ನೌಕರರು, ಮೇಷ್ಟ್ರು, ಪೇಟೆಯ ಗೆಳೆಯರು ಯಾವುದಾದರೊಂದು ಹೊಲದ ಅತಿಥಿಗಳಾಗುತ್ತಾರೆ. ಜಾತಿ, ಧರ್ಮ ಕೇಳುವವರಿಲ್ಲ.

ಹಿಂದೆಯೂ ಹೀಗೆಯೇ ಇತ್ತು ಎಂದು ಬರೆದರೆ ಸುಳ್ಳಾದೀತು. ದುಡಿದವರು ಒಂದು ಕಡೆ, ಒಡೆಯರು ಒಂದು ಕಡೆ ಕುಳಿತು ಉಂಡ ದಿನಗಳನ್ನು ಹಿರಿಯರು ಇನ್ನೂ ಮರೆತಿಲ್ಲ. ಇನ್ನು ಹೆಂಗಸರು. ಮೂರು ಗಂಟೆಗೆ ಎದ್ದು ಬೇಯಿಸಿ, ಹೊತ್ತು ತಂದು, ಎಲ್ಲರಿಗೂ ಬಡಿಸಿ, ಅವರು ಕೂಡುವ ಹೊತ್ತಿಗೆ ಗಡಗಿಯ ತಳ ಕಾಣುತ್ತಿರುತ್ತದೆ. ಬಸುರಿ ಭೂಮಿಯ ಹಬ್ಬದಲ್ಲಿ ತಾಯಂದಿರೇ ಕೊನೆಗೆ ಉಣ್ಣುವುದು ನಮ್ಮ ಮನೆಯಲ್ಲೂ ಬಹಳ ವರ್ಷ ನಡೆಯಿತು. ಈಗ ನಮ್ಮ ತಂಗಿಯರು ಅದನ್ನು ಮುರಿದಿದ್ದಾರೆ. 'ಎಲ್ಲಾರೂ ಒಮ್ಮೆ ಕೂಡ್ರಿ, ಯಾರಿಗಿ ಏನು ಬೇಕೋ ಅವರೇ ಬಡಿಸ್ಕೊಳ್ರಿ' ಎಂಬುದು ಅವರ ಹೊಸ ಶಾಸ್ತ್ರ.

ಎರಡಾದ ಗಡಗಿ

2017ರ ಬೇಸಿಗೆಯಲ್ಲಿ ನಮ್ಮ ಮನೆ ಪಾಲಾಯಿತು. ಅಪ್ಪ ಮತ್ತು ಕಾಕಾ ಹದಿನಾರು ಎಕರೆಯನ್ನು ಎಂಟೆಂಟು ಮಾಡಿಕೊಂಡರು. ಅಳೆಯುವಾಗ ನಡುವಿನ ಬದು, ಅದರ ಮೇಲಿನ ಬೇವಿನ ಗಿಡ ಯಾರದು ಎಂಬ ಮಾತು ಬಂತು. ಮಾತಿಗೆ ಮಾತು ಬೆಳೆದು ಕೋರ್ಟಿನ ತನಕ ಹೋಯಿತು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು.

ಆರು ಎಳ್ಳ ಅಮವಾಸ್ಯೆಗಳು ಹಾಗೆಯೇ ಕಳೆದವು. ಬದುವಿನ ಆಚೆ ಅವರ ಕೊಂಪೆ, ಈಚೆ ನಮ್ಮದು. ಆಯಿ ನಮ್ಮ ಮನೆಯಲ್ಲಿದ್ದಳು. ಮಕ್ಕಳಾದ ನಾವು ಕದ್ದುಮುಚ್ಚಿ ಆಚೆಯ ಹೋಳಿಗೆ ತಿಂದು ಬರುತ್ತಿದ್ದೆವು. ದೊಡ್ಡವರು ನೋಡಿಯೂ ನೋಡದಂತೆ ಇರುತ್ತಿದ್ದರು. ಅವ್ವ ಮಾಡಿದ ಭಜ್ಜಿ ಚೆನ್ನಾಗಿಯೇ ಇರುತ್ತಿತ್ತು. ಆದರೆ ಉಂಡು ಎದ್ದಾಗ ಏನೋ ಅರ್ಧಕ್ಕೆ ನಿಂತಂತೆ ಅನಿಸುತ್ತಿತ್ತು. ಅಪ್ಪ ಮುಂದೆ ಚರಗ ಚೆಲ್ಲುತ್ತಿದ್ದ, ಹಿಂದೆ ನೀರಿನ ತಂಬಿಗೆ ಹಿಡಿದು ನಾನು. ನನ್ನ ಓಗೊಡುವಿಕೆಗೆ ಆ ಹಳೆಯ ದನಿ ಬರುತ್ತಿರಲಿಲ್ಲ. ಪೇಟೆಯಲ್ಲಿ ನೌಕರಿ ಮಾಡುವವನ ಗಂಟಲು ಅದು.

ಆಮೇಲೆ 2023ರ ಬರ ಬಂತು. ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದ ವರ್ಷ ಅದು. ಅದರ ಹಿಂದಿನ ವರ್ಷವೇ ನೆಟೆ ರೋಗ ತೊಗರಿಯನ್ನು ಒಣಗಿಸಿತ್ತು. ನಮ್ಮ ಹೊಲದಲ್ಲಿ ಜೋಳ ಮೊಣಕಾಲೆತ್ತರಕ್ಕೆ ನಿಂತು ಅಲ್ಲಿಯೇ ಹಳದಿಯಾಯಿತು. ಜನವರಿ 11ರ ಹಬ್ಬ ಬಂದಾಗ ಅಪ್ಪ ಸುಮ್ಮನೆ ಅಂದ: 'ಈ ವರ್ಷ ಹೊಲಕ್ಕ ಹೋಗೂದು ಬ್ಯಾಡ. ಅಲ್ಲೇನದ ಅಂತ ಹೋಗೂದು?'

ಮೂಲೆಯಲ್ಲಿ ಎಳ್ಳು ಹಸನು ಮಾಡುತ್ತಿದ್ದ ಆಯಿ ತಲೆಯೆತ್ತಿದಳು. 'ಮಗಳಿಗಿ ಹೊಟ್ಟಿ ನಿಲ್ಲಲಿಲ್ಲಂದ್ರ ಉಣ್ಣಾಕ ಹಾಕಲ್ದೆ ಬಿಡ್ತೀರೇನು? ಅಕಿಗೇ ಮೊದಲು ಹಾಕಬೇಕು.'

ಯಾರೂ ಮರುಮಾತಾಡಲಿಲ್ಲ. ಆದರೆ ಭಜ್ಜಿಗೆ ಸೊಪ್ಪು ಎಲ್ಲಿಂದ ತರುವುದು? ಊರಲ್ಲಿ ಯಾರ ಹೊಲವೂ ಹಸಿರಿರಲಿಲ್ಲ. ಕಾಕಾನ ಕೊಳವೆಬಾವಿಯಲ್ಲಿ ಮಾತ್ರ ಒಂದಿಷ್ಟು ನೀರಿತ್ತು. ಒಂದೆರಡು ಗುಂಟೆಯಲ್ಲಿ ಮೆಂತೆ, ಕಡಲೆ, ಬದನೆ ಉಳಿದಿದ್ದವು. ಆಯಿ ಯಾರನ್ನೂ ಕೇಳದೆ ನನ್ನ ಮಗಳ ಕೈಗೆ ಬುಟ್ಟಿ ಕೊಟ್ಟು ಕಳಿಸಿದಳು. ಹುಡುಗಿ ಹೊರಲಾರದಷ್ಟು ತುಂಬಿಕೊಂಡು ಬಂದಳು. ಹಿಂದೆ ಹೊತ್ತು ತಂದವರು ಚಿಗವ್ವ. ಹೊಸ್ತಿಲಲ್ಲೇ ನಿಂತು ಅಂದರು: 'ಅವರು ಹೇಳಿ ಕಳಿಸ್ಯಾರ. ಇಷ್ಟು ತೊಪ್ಪಲದಾಗ ಎರಡು ಗಡಗಿ ಭಜ್ಜಿ ಆಗಂಗಿಲ್ಲಂತ.'

ಅವ್ವ ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಆಮೇಲೆ ಚಿಗವ್ವನಿಗೆ ಮಣೆ ಕೊಟ್ಟಳು. ಮರುದಿನ ಒಂದೇ ಗಡಗಿ ಒಲೆ ಏರಿತು.

ಹೊಲದಲ್ಲಿ ಪೂಜೆಯಾಯಿತು. ಅಪ್ಪ ಚರಗದ ಬುಟ್ಟಿ ಎತ್ತಿಕೊಂಡ. ನಾನು ತಂಬಿಗೆಗೆ ಕೈ ಹಾಕುವಷ್ಟರಲ್ಲಿ ಆಯಿ ಅದನ್ನೆತ್ತಿ ಕಾಕಾನ ಕೈಗಿತ್ತಳು. 'ಹದಿನಾರು ಎಕರೆ ಸುತ್ತಬೇಕು. ಬದು ಗಿದು ಅಂತ ನಡಕ ನಿಂದರಬ್ಯಾಡ್ರಿ' ಅಂದಳು. ಇಬ್ಬರೂ ಮುಖ ನೋಡಿಕೊಳ್ಳದೆ ಹೊರಟರು. ಅಪ್ಪ ಕೂಗಿದ. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಅಪ್ಪ ಇನ್ನೊಮ್ಮೆ ಕೂಗಿದ. ಆಗ ಕಾಕಾ ಓಗೊಟ್ಟ. ಆರು ವರ್ಷಗಳ ಮೇಲೆ ಅಣ್ಣನಿಗೆ ತಮ್ಮ ಕೊಟ್ಟ ಮೊದಲ ಉತ್ತರ ಅದು. ಒಣಗಿದ ಜೋಳದ ಸುತ್ತ ಆ ಎರಡು ದನಿಗಳು ಹೋಗಿ ಬರುವವರೆಗೆ ನಾವು ಯಾರೂ ಮಾತಾಡಲಿಲ್ಲ.

ಊಟಕ್ಕೆ ಕುಳಿತಾಗಲೂ ಇಬ್ಬರೂ ಹೆಚ್ಚು ಮಾತಾಡಲಿಲ್ಲ. 'ಹಿಂಡಿ ಕೊಡು' ಅಂದ ಅಪ್ಪ. ಕಾಕಾ ಕೊಟ್ಟ. ಅಷ್ಟೇ.

ತೆನೆ ಬರುವ ಮೊದಲಿನ ಊಟ

ಜಗತ್ತಿನ ಬೇರೆ ಜನರಿಗೂ ಇಂಥ ಊಟಗಳಿವೆ. ಅಮೆರಿಕದವರು ನವೆಂಬರಿನ ನಾಲ್ಕನೆಯ ಗುರುವಾರ ಮನೆಮಂದಿಯೆಲ್ಲ ಸೇರಿ ಕೃತಜ್ಞತೆಯ ಊಟ ಮಾಡುತ್ತಾರೆ. ಅದನ್ನು ಇಡೀ ದೇಶ ಆಚರಿಸಲಿ ಎಂದು ಲಿಂಕನ್ ಸಾರಿದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. ಚೀನೀಯರು ಹೊಸ ವರ್ಷದ ಹಿಂದಿನ ರಾತ್ರಿಯ ಊಟಕ್ಕಾಗಿ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಊರಿಗೆ ಮರಳುತ್ತಾರೆ. ಆಕ್ಸ್‌ಫರ್ಡ್‌ನ ವಿಜ್ಞಾನಿ ರಾಬಿನ್ ಡನ್‌ಬಾರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇತರರೊಡನೆ ಕೂಡಿ ಹೆಚ್ಚಾಗಿ ಉಣ್ಣುವವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿರುತ್ತಾರೆ. ಕಷ್ಟಕ್ಕೆ ಒದಗುವ ಗೆಳೆಯರೂ ಅವರಿಗೆ ಹೆಚ್ಚು. ಉಂಡವರನ್ನು ಹತ್ತಿರ ತರುವ ಊಟಗಳಲ್ಲಿ ಜನ ಹೆಚ್ಚಿರುತ್ತಾರೆ, ನಗು ಇರುತ್ತದೆ, ಹಳೆಯ ನೆನಪುಗಳಿರುತ್ತವೆ ಎಂದೂ ಅವರು ಕಂಡುಕೊಂಡರು. ಮದ್ಯವೂ ಆ ಪಟ್ಟಿಯಲ್ಲಿದೆ. ನಮ್ಮ ಹೊಲದಲ್ಲಿ ಆ ಕೆಲಸವನ್ನು ಮಜ್ಜಿಗೆ ಮಾಡುತ್ತದೆ.

ಆದರೆ ಸುಗ್ಗಿಯ ಊಟಕ್ಕೂ ನಮ್ಮ ಊಟಕ್ಕೂ ಒಂದು ವ್ಯತ್ಯಾಸವಿದೆ. ಬೆಳೆ ಮನೆಗೆ ಬಂದ ಮೇಲೆ ಕಣಜದ ಮುಂದೆ ಕುಳಿತು ಉಣ್ಣುವುದು ಸುಲಭ. ಎಳ್ಳ ಅಮವಾಸ್ಯೆ ಬರುವುದು ತೆನೆ ಹೊರಬೀಳುವ ಮೊದಲು. ಬಿತ್ತಿದ್ದಾಗಿದೆ, ಕಳೆ ತೆಗೆದದ್ದಾಗಿದೆ. ಇನ್ನು ರೈತ ಮಾಡುವಂಥದು ಹೆಚ್ಚೇನೂ ಉಳಿದಿಲ್ಲ. ಹಸಿ ಸಾಲುತ್ತದೆಯೋ ಇಲ್ಲವೋ, ಕಾಯಿಕೊರಕ ಬರುತ್ತದೆಯೋ, ಮೋಡ ಕವಿದು ಹೂ ಉದುರುತ್ತದೆಯೋ ಯಾರಿಗೂ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಕಳೆದ ವರ್ಷದ ಜೋಳ, ಸಜ್ಜೆಯನ್ನು ಹೊರತೆಗೆದು, ಇದ್ದದ್ದನ್ನೆಲ್ಲ ಬೇಯಿಸಿ, ಮೊದಲು ನೆಲಕ್ಕೆ ಚೆಲ್ಲಿ, ಹಾದಿಯವರನ್ನು ಕರೆದು ಉಣ್ಣುತ್ತೇವೆ. ಏನೂ ಖಾತ್ರಿಯಿಲ್ಲದಿದ್ದಾಗ ಜೊತೆಗೆ ಯಾರಿದ್ದಾರೆ ಎಂದು ನೋಡಿಕೊಳ್ಳುವ ದಿನ ಇದು. ಅದಕ್ಕಾಗಿಯೇ ಪುಣೆಯಿಂದ ಮಗ ಬರುತ್ತಾನೆ ಎಂದು ನನಗೀಗ ಅನಿಸುತ್ತದೆ.

ಹೊಲ ಮಾರಿದವರಿಗೆ ಈ ದಿನ ಬಹಳ ಕಠಿಣ. ಆಸ್ಪತ್ರೆಗೋ ಮದುವೆಗೋ ಸಾಲ ಮಾಡಿ ಭೂಮಿ ಕಳೆದುಕೊಂಡವರೊಬ್ಬರು ಪ್ರತಿ ವರ್ಷ ನಮ್ಮ ಹೊಲಕ್ಕೆ ಬರುತ್ತಾರೆ. ಬರಿಗೈಯಲ್ಲಿ ಬರುವುದಿಲ್ಲ. ಟವೆಲಿನಲ್ಲಿ ನಾಲ್ಕು ಸಜ್ಜೆ ರೊಟ್ಟಿ ಕಟ್ಟಿಕೊಂಡೇ ಬರುತ್ತಾರೆ. ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯವರು ಯಾವುದೋ ಉದ್ಯಾನದಲ್ಲಿ ಸೇರಿ ಭಜ್ಜಿ ಉಣ್ಣುವುದುಂಟು. ರುಚಿ ಬರುವುದಿಲ್ಲ ಎನ್ನುತ್ತಲೇ ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ.

ಉಪ್ಪು

ಅದೇ 2024ರ ಡಿಸೆಂಬರ್ 30ಕ್ಕೆ ಇನ್ನೊಂದು ಎಳ್ಳ ಅಮವಾಸ್ಯೆ ಬಂತು. ಈ ಸಲ ಮಳೆಯಾಗಿತ್ತು. ಜೋಳ ಆಳೆತ್ತರ ನಿಂತು ಹೊಡೆ ತುಂಬಿತ್ತು. ಬದುವಿನ ಕೇಸು ಇನ್ನೂ ಮುಗಿದಿಲ್ಲ. ಇಬ್ಬರೂ ಈಗ ಒಂದೇ ಬಸ್ಸಿನಲ್ಲಿ ಆಳಂದಕ್ಕೆ ಹೋಗಿ ಮುಂದಿನ ತಾರೀಖು ತೆಗೆದುಕೊಂಡು ಬರುತ್ತಾರೆ. ಬೇವಿನ ಗಿಡದ ನೆರಳಲ್ಲಿಯೇ ಊಟಕ್ಕೆ ಕುಳಿತೆವು. ಅದು ಯಾರದೆಂದು ಅಂದು ಯಾರೂ ಕೇಳಲಿಲ್ಲ.

ಆಯಿಗೆ ಮೊಣಕಾಲು ನೋವು ಹೆಚ್ಚಾಗಿ ಹೊಲಕ್ಕೆ ಬರಲಾಗಲಿಲ್ಲ. ಚರಗ ಮುಗಿದ ಮೇಲೆ ಮೊದಲ ತಾಟು ಅವಳಿಗೆಂದು ಕಾಕಾನೇ ಮೋಟರ್ ಸೈಕಲ್ಲಿನ ಮೇಲೆ ಮನೆಗೆ ಒಯ್ದ. ಹಿಂದೆ ತಾಟು ಹಿಡಿದು ನಾನು ಕುಳಿತಿದ್ದೆ. ಆಯಿ ಸಜ್ಜೆ ರೊಟ್ಟಿ ಮುರಿದು ಭಜ್ಜಿಗೆ ಹಚ್ಚಿ ಬಾಯಿಗಿಟ್ಟಳು. ನಾವಿಬ್ಬರೂ ಕಾಯುತ್ತ ನಿಂತೆವು.

'ಓಗೊಟ್ಟೇನು?' ಎಂದು ಕೇಳಿದಳು ಕಾಕಾನನ್ನು.

'ಹೂಂ, ಯವ್ವಾ.'

ಇನ್ನೊಂದು ತುತ್ತು ಉಂಡಳು. ನಿಧಾನಕ್ಕೆ ಅಗಿದು ಅಂದಳು: 'ಉಪ್ಪು ಕಮ್ಮಿ ಆಗ್ಯಾದ. ಮುಂದಿನ ವರ್ಷ ನಾನೇ ಬರ್ತೀನಿ.'